ಎರಡೂಮುಕ್ಕಾಲು ತಾಸಿನ ಊಟ

ನಮ್ಮ ಮನೆಯವರು, ಅಂದರೆ ನನ್ನ ಹೆಂಡತಿ, ಪ್ರಾಥಮಿಕ ಶಾಲೆಯ ಟೀಚರ್. ಮದುವೆಯಾದ ಹೊಸದರಲ್ಲಿ ತಮಾಷೆಗೆ ಹಾಗೆ ಕರೆಯುತ್ತಿದ್ದೆ, ಆಮೇಲೆ ಅದೇ ಹೆಸರಾಯಿತು. ಟೀಚರ್ ಅಂದಮೇಲೆ ಬಹುವಚನ ತಾನಾಗೇ ಬರುತ್ತೆ. ಇಲ್ಲಿಯೂ ಹಾಗೇ ಬರೆಯುತ್ತೇನೆ.

1990ರಲ್ಲಿ ಗಂಗಾವತಿ ಹತ್ತಿರದ ಒಂದು ಕ್ಯಾಂಪಿನ (ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರಿನ) ಶಾಲೆಗೆ ಸೇರಿದವರು 2024ರ ಆಗಸ್ಟ್ 31ಕ್ಕೆ ನಿವೃತ್ತರಾದರು. ಶಾಲೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಮಕ್ಕಳ ಅಳು ಎಲ್ಲ ಆಯಿತು. ಮನೆಯಲ್ಲಿ ನೂರು ಜನಕ್ಕೆ ಹೋಳಿಗೆ ಊಟ ಹಾಕಿಸೋಣ ಅಂತ ನಾನು ಹೊರಟರೆ ಟೀಚರ್ ಬೇಡವೇ ಬೇಡ ಅಂದರು.

"ನೂರು ಮಂದಿಗೆ ಹಾಕಿದ್ರ ನಾನು ಉಣ್ಣೂದು ನಾಕು ಗಂಟೆಕ್ಕ. ನನಗ ಒಂದ್ ಊಟ ಬೇಕು ನೋಡ್ರಿ. ಕುಂತು ಉಣ್ಣೂವಂಥಾದ್ದು. ಗಡಿಯಾರ ನೋಡಬಾರದು, ನಡುವ ಯಾರೂ ಎಬ್ಬಿಸಬಾರದು."

ಇದರ ಹಿಂದೆ ಒಂದು ಲೆಕ್ಕ ಇದೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾಗಿದ್ದೇ ನಮ್ಮ ಈ ಕಡೆಯ ಜಿಲ್ಲೆಗಳಲ್ಲಿ. ಬಿಸಿಯೂಟ ಮಕ್ಕಳಿಗೆ ಬಡಿಸುವ ಮೊದಲು ಟೀಚರ್ ರುಚಿ ನೋಡಬೇಕು. ಒಂದು ಚಮಚ ಅನ್ನ ಸಾಂಬಾರು ಬಾಯಿಗೆ ಹಾಕಿಕೊಂಡು, ಸರಿ ಇದೆ ಅನ್ನಬೇಕು. ಆಮೇಲೆ ಸಾಲು ನಿಲ್ಲಿಸಬೇಕು, ತಟ್ಟೆ ತೊಳೆಸಬೇಕು, ಯಾರು ಚೆಲ್ಲಿದರು, ಯಾರು ಬಡಿದಾಡಿದರು ನೋಡಬೇಕು. ತಮ್ಮ ಡಬ್ಬಿ ಬಿಚ್ಚುವ ಹೊತ್ತಿಗೆ ಗಂಟೆ ಹೊಡೆಯಲು ಹತ್ತು ನಿಮಿಷ ಉಳಿದಿರುತ್ತೆ. ಆ ಹತ್ತು ನಿಮಿಷದ ಊಟ ರೂಢಿಯಾಗಿ ಮನೆಯಲ್ಲೂ ಹಾಗೇ ಆಯಿತು. ಭಾನುವಾರವೂ ಹಾಗೇ. ನಾನು ಎರಡನೇ ರೊಟ್ಟಿ ಮುರಿಯುವಾಗ ಅವರು ಕೈ ತೊಳೆಯುತ್ತಿರುತ್ತಾರೆ.

ನಾನೇನು ಕಮ್ಮಿ ಇಲ್ಲ. ಅಕ್ಕಿ ದಲ್ಲಾಳಿ. ಗಂಗಾವತಿ, ಕಾರಟಗಿ ಮಿಲ್ಲುಗಳ ಮಾಲನ್ನು ಬೆಂಗಳೂರು, ಪುಣೆ ಕಡೆಯ ವ್ಯಾಪಾರಿಗಳಿಗೆ ತೋರಿಸಿ ರೇಟು ಕುದುರಿಸುವುದು ನನ್ನ ಕಸುಬು. ಎದೆ ಜೇಬಿನಲ್ಲಿ ಯಾವಾಗಲೂ ಮೂರು-ನಾಲ್ಕು ಸ್ಯಾಂಪಲ್ ಪೊಟ್ಟಣ ಇರುತ್ತವೆ. ಒಂದು ಕೈ ಅನ್ನದಲ್ಲಿ, ಇನ್ನೊಂದು ಕೈ ಫೋನಿನಲ್ಲಿ, ಹಾಗೆ ಉಂಡು ಮೂವತ್ತು ವರ್ಷ ಕಳೆದಿದ್ದೇನೆ. ಏನು ಉಂಡೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ.

ಪುಣೆಯಲ್ಲಿರುವ ಮಗನಿಗೆ ವಿಷಯ ಹೋಯಿತು. ಫೋನ್ ಮಾಡಿದ.

"ಅಪ್ಪಾ, ಆನೆಗೊಂದಿ ಕಡೆ ಹೊಸಾ ಹೋಟೆಲ್ ಆಗೇತಂತ. ಮ್ಯಾಲಿನ ಮಾಳಿಗ್ಯಾಗ ಏಷ್ಯನ್ ರೆಸ್ಟೋರೆಂಟ್. ಪೂರಾ ಗ್ಲಾಸಿನ ಗೋಡಿ. ವ್ಯೂ ಭಾರಿ ಐತಂತ."

"ಏಷ್ಯನ್ ಅಂದ್ರ?"

"ಥಾಯ್, ಜಪಾನೀಸ್, ಚೈನೀಸ್."

"ನಾವೂ ಏಷ್ಯಾದಾಗೇ ಅದೀವಲ್ಲೋ."

ಅವನು ನಗಲಿಲ್ಲ. ಅಲ್ಲಿಂದಲೇ ಟೇಬಲ್ ಬುಕ್ ಮಾಡಿದ.

ಗಣಪತಿ ಹಬ್ಬದ ಮುಂದಿನ ವಾರದ ಭಾನುವಾರ ಹೋದೆವು. ಬೈಕಿನಲ್ಲಿ. ಟೀಚರ್ ಇಳಕಲ್ ಸೀರೆ ಉಟ್ಟಿದ್ದರು. ಅಂಜನಾದ್ರಿಗೆ ಹೋಗುವ ಗಾಡಿಗಳ ಸಾಲು ರಸ್ತೆ ತುಂಬಾ. ಆ ಬೆಟ್ಟಕ್ಕೆ 575 ಮೆಟ್ಟಿಲು. ನಾವು ಅವತ್ತು ಹತ್ತುವವರಲ್ಲ, ಅದಕ್ಕೇ ಗಾಡಿ ನಿಂತಾಗ ಕೆಳಗಿನಿಂದಲೇ ಕೈ ಮುಗಿದು ಮುಂದೆ ಹೋದೆವು.

ನಮ್ಮ ಕಡೆ ಹೊರದೇಶದ ಊಟ ಹೊಸದೇನಲ್ಲ. ಹೊಳೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರಿಗೆ ಅಂತಲೇ ಹೋಟೆಲ್ಲುಗಳಿದ್ದವು. ಇಸ್ರೇಲಿನವರು ಎಷ್ಟು ಬರುತ್ತಿದ್ದರು ಅಂದರೆ ಹೀಬ್ರೂ ಅಕ್ಷರದ ಬೋರ್ಡುಗಳೇ ಇದ್ದವು. 2020ರಲ್ಲಿ ಕೋರ್ಟಿನ ಆದೇಶ ಬಂದು ಎಲ್ಲ ತೆರವಾಯಿತು. ಅಷ್ಟು ವರ್ಷ ಹತ್ತಿರದಲ್ಲೇ ಇದ್ದರೂ ನಮ್ಮಂಥವರು ಅಲ್ಲಿ ಕೂತು ಉಂಡವರಲ್ಲ. ಅದು ಅವರ ಜಾಗ ಅನ್ನುವ ಭಾವನೆ ಇತ್ತು. ಈ ಹೋಟೆಲ್ಲಿನ ಲಿಫ್ಟಿನಲ್ಲಿ ನಿಂತಾಗಲೂ ನನಗೆ ಸ್ವಲ್ಪ ಹಾಗೇ ಅನಿಸಿತು. ಟೀಚರ್ ಮಾತ್ರ ಇನ್ಸ್‌ಪೆಕ್ಷನ್ನಿಗೆ ಬಂದ ಶಿಕ್ಷಣ ಇಲಾಖೆಯ ಡಿಡಿಪಿಐ ಥರ ನಡೆದರು.

ವ್ಯೂ ಬಗ್ಗೆ ಹೇಳಲೇಬೇಕು. ನೆಲದಿಂದ ಸೂರಿನವರೆಗೆ ಗಾಜು. ಎದುರಿಗೆ ಅಂಜನಾದ್ರಿ, ತುದಿಯಲ್ಲಿ ಬಿಳಿ ಗುಡಿ. ಸುತ್ತ ಯಾರೋ ತಂದು ಸುರಿದು ಮರೆತು ಹೋದಂಥ ಬಂಡೆಗಳು. ಬಂಡೆಗಳ ಕಾಲಬುಡದವರೆಗೂ ಭತ್ತದ ಗದ್ದೆ. ನಡುವೆ ತೆಂಗು, ಬಾಳೆ, ಒಂದು ಸಣ್ಣ ಕಾಲುವೆ. ಈ ಆನೆಗೊಂದಿ ಭಾಗದಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಈಗಲೂ ನೀರು ಹರಿಯುತ್ತೆ. ಬೆಳ್ಳಕ್ಕಿಗಳು ಒಂದು ಬದುವಿನಿಂದ ಎದ್ದು ಮುಂದಿನ ಬದುವಿಗೆ ಕೂರುತ್ತಿದ್ದವು.

ಪಕ್ಕದ ಟೇಬಲ್ಲಿನಲ್ಲಿ ಬೆಂಗಳೂರಿನವರು ಇರಬೇಕು, ಒಂದು ಜೋಡಿ. ಆ ಹುಡುಗಿ ಒಂದು ಗದ್ದೆಯ ಕಡೆ ಬೆರಳು ಮಾಡಿ, ಆ ಹಸಿರು ನೋಡು, ಎಷ್ಟು ಡಾರ್ಕ್ ಇದೆ, ಎಷ್ಟು ಚಂದ ಅಂದಳು. ನನಗೆ ತಡೆಯಲಾಗಲಿಲ್ಲ. ಟೀಚರ್ ಕಡೆ ಬಗ್ಗಿ ಹೇಳಿದೆ. "ಅದು ಚಂದ ಅಲ್ರಿ, ಯೂರಿಯಾ. ಎರಡು ಚೀಲ ಜಾಸ್ತಿ ಹಾಕ್ಯಾನ. ಇನ್ನ ಹದಿನೈದು ದಿನಕ್ಕ ಜಿಗಿ ಹುಳ ಬಿದ್ದು ಬಾಯಿ ಬಾಯಿ ಬಡ್ಕೋತಾನ." ನಿಜ. ತಿಳಿಹಸಿರಿನ ಗದ್ದೆ ಆರೋಗ್ಯದ ಗದ್ದೆ. ಕಪ್ಪುಹಸಿರು ಕಂಡರೆ ಕೀಟಕ್ಕೂ ಇಷ್ಟ, ಬೆಂಕಿ ರೋಗಕ್ಕೂ ಇಷ್ಟ.

"ವ್ಯೂ ನೋಡ್ರಿ ಅಂದ್ರ ಹೊಲ ನೋಡ್ತೀರಿ."

"ಇಲ್ಲಿ ಹೊಲ ಬಿಟ್ರ ವ್ಯೂ ಏನೈತಿ?"

ಹಾಗಂದೆ, ಆದರೆ ಒಂದು ಮಾತು ಒಪ್ಪಬೇಕು. ಈ ಗದ್ದೆಗಳನ್ನು ನಾನು ಮೇಲಿನಿಂದ ನೋಡಿದವನೇ ಅಲ್ಲ. ರಸ್ತೆಯಿಂದ ನೋಡಿದ್ದೇನೆ, ಬದುವಿನ ಮೇಲೆ ನಿಂತು ನೋಡಿದ್ದೇನೆ. ನೋಡಿದಾಗಲೆಲ್ಲ ಎಕರೆಗೆ ಮೂವತ್ತೈದು ಚೀಲ, ನಲವತ್ತು ಚೀಲ ಅಂತ ಲೆಕ್ಕವೇ ಓಡುತ್ತಿತ್ತು. ಅವತ್ತು ಮೊದಲ ಐದು ನಿಮಿಷ ಲೆಕ್ಕ ಓಡಲಿಲ್ಲ. ಆರನೇ ನಿಮಿಷಕ್ಕೆ ಓಡಿತು.

ಅದಕ್ಕೂ ಕಾರಣ ಇತ್ತು. ಒಂದು ತಿಂಗಳ ಹಿಂದೆ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಕೊಂಡು ಹೋಗಿತ್ತು. ಮೂವತ್ತಮೂರು ಗೇಟಿನಲ್ಲಿ ಒಂದು. ನಾಟಿ ಮುಗಿಸಿ ಕೂತಿದ್ದ ರೈತರಿಗೆ, ಅವರಿಗೆ ಮುಂಗಡ ಕೊಟ್ಟಿದ್ದ ಅಂಗಡಿಯವರಿಗೆ, ಮಿಲ್ಲಿನವರಿಗೆ, ನಮ್ಮಂಥ ದಲ್ಲಾಳಿಗಳಿಗೆ ಒಂದು ವಾರ ಅನ್ನ ಇಳಿಯಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನಿಲ್ಲಿಸಿದ ಮೇಲೆ ಜೀವ ಬಂತು. ಆ ನೀರೇ ಈಗ ಗಾಜಿನಾಚೆ ಹಸಿರಾಗಿ ನಿಂತಿತ್ತು. ಬೆಂಗಳೂರಿನ ಹುಡುಗಿ ಅದನ್ನು ಬೆನ್ನಿಗೆ ಇಟ್ಟುಕೊಂಡು ಸೆಲ್ಫಿ ತೆಗೆದಳು.

ಅಷ್ಟರಲ್ಲಿ ನನ್ನ ಫೋನ್ ಹೊಡೆಯಿತು. ಕಾರಟಗಿಯ ಒಬ್ಬ ಮಿಲ್ಲಿನವರು. ಟೀಚರ್ ಕೈ ಚಾಚಿದರು. ಐದನೇ ಕ್ಲಾಸಿನ ಹುಡುಗನಿಂದ ಗೋಲಿ ಕಸಿದುಕೊಳ್ಳುವ ಕೈ ಅದು. ಕೊಟ್ಟೆ. ಸೈಲೆಂಟ್ ಮಾಡಿ ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದರು.

ಬಡಿಸಲು ಬಂದ ಹುಡುಗ ಕನಕಗಿರಿಯವನು. ಮೆನು ಕೊಟ್ಟು ಇಂಗ್ಲಿಷಿನಲ್ಲಿ ಶುರು ಮಾಡಿದ. "ಯಾವೂರಪಾ ನಿಂದು?" ಅಂದ ಮೇಲೆ ಸರಿಹೋದ. ಮೆನುವನ್ನು ಟೀಚರ್ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಪೇಪರ್ ತಿದ್ದಿದ ಹಾಗೆ. ನಾನು ಒಂದೇ ಪ್ರಶ್ನೆ ಕೇಳಿದೆ. ಗೋಬಿ ಐತೇನು?

"ಎಲ್ಲಾರೂ ಅದನ್ನ ಕೇಳ್ತಾರ್ರಿ," ಅಂತ ನಕ್ಕ. ಇರಲಿಲ್ಲ.

ನಮ್ಮೂರಲ್ಲಿ ಚೈನೀಸ್ ಅಂದರೆ ಗೋಬಿ ಮಂಚೂರಿಯೇ. ಸಂಜೆ ಆರರ ಮೇಲೆ ತಳ್ಳುಗಾಡಿಯ ಮುಂದೆ ನಿಂತು ತಿನ್ನುವ ಕೆಂಪು ಗೋಬಿ. 2024ರ ಮಾರ್ಚಿನಲ್ಲಿ ಸರ್ಕಾರ ಅದಕ್ಕೆ ಹಾಕುವ ಬಣ್ಣ ಬಂದ್ ಮಾಡಿದ ಮೇಲೆ ಸ್ವಲ್ಪ ಕಂದು ಗೋಬಿ ಆಗಿದೆ, ರುಚಿ ಅದೇ. ಅದಕ್ಕೂ ಚೀನಾಕ್ಕೂ ಸಂಬಂಧ ದೂರದ್ದು. ಮುಂಬೈಯಲ್ಲಿ ನೆಲ್ಸನ್ ವಾಂಗ್ ಅನ್ನುವ ಬಾಣಸಿಗರು 1975ರಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಅಂತ ಹೇಳುತ್ತಾರೆ. ಅದರ ಸಸ್ಯಾಹಾರಿ ತಮ್ಮ ನಮ್ಮ ಗೋಬಿ. ಒಂದು ಲೆಕ್ಕದಲ್ಲಿ ಗೋಬಿ ನಮ್ಮದೇ ಅಡುಗೆ. ಇಷ್ಟು ದೊಡ್ಡ ಏಷ್ಯನ್ ಹೋಟೆಲ್ಲಿನಲ್ಲಿ ಅದಕ್ಕೆ ಜಾಗ ಇಲ್ಲ ಅನ್ನುವುದು ನನಗೆ ಸರಿ ಕಾಣಲಿಲ್ಲ.

ನಾವು ಶುದ್ಧ ಸಸ್ಯಾಹಾರಿಗಳು. ಈ ಅಡುಗೆಯಲ್ಲಿ ಅದನ್ನು ಕೇಳಿಯೇ ಉಣ್ಣಬೇಕು. ಥಾಯ್ ಕರಿಯ ಮಸಾಲೆಯಲ್ಲಿ ಸಾಮಾನ್ಯವಾಗಿ ಉಪ್ಪು ಹಾಕಿ ಹುಳಿ ಬರಿಸಿದ ಸೀಗಡಿಯ ಮುದ್ದೆ ಹಾಕುತ್ತಾರೆ, ಉಪ್ಪಿನ ಬದಲು ಮೀನಿನ ಸಾಸ್ ಹಾಕುತ್ತಾರೆ. ಜಪಾನಿನ ಮಿಸೊ ಸಾರಿಗೆ ಒಣ ಮೀನಿನ ಕಷಾಯ ಇರುತ್ತೆ. ತರಕಾರಿ ಅಂತ ಬರೆದಿದ್ದರೂ ತಳದಲ್ಲಿ ಮೀನು ಇರಬಹುದು. ಇದನ್ನೆಲ್ಲ ಮಗ ವಾಟ್ಸಾಪಿನಲ್ಲಿ ಬರೆದು ಕಳಿಸಿದ್ದ. ಟೀಚರ್ ಒಂದೊಂದನ್ನೇ ಕೇಳಿದರು. ಹುಡುಗ ಮೂರು ಸಲ ಅಡುಗೆಮನೆಗೆ ಹೋಗಿ ಬಂದ. ನಾಲ್ಕನೇ ಸಲ ಅಡುಗೆಯವನನ್ನೇ ಕರೆದುಕೊಂಡು ಬಂದ. ಮಣಿಪುರದ ಹುಡುಗ, ಮೂವತ್ತರ ಒಳಗಿನವನು. ನನ್ನ ಹಿಂದಿ ಮಿಲ್ಲಿನ ಹಮಾಲರ ಜೊತೆ ಮಾತಾಡಿ ಕಲಿತ ಹಿಂದಿ. ಸಾಕಾಯಿತು. ನಿಮಗೆ ಬೇರೆ ಪಾತ್ರೆಯಲ್ಲಿ, ಬೇರೆ ಮಸಾಲೆಯಲ್ಲಿ ಮಾಡಿ ಕೊಡುತ್ತೇನೆ, ಆದರೆ ಹೊತ್ತಾಗುತ್ತೆ ಅಂದ.

"ಆಗಲಿ," ಅಂದರು ಟೀಚರ್. ಆ ಪದವನ್ನು ಅಷ್ಟು ಖುಷಿಯಿಂದ ಅವರು ಹೇಳಿದ್ದು ನಾನು ಕೇಳಿಲ್ಲ.

ಮೊದಲು ಬಿದಿರಿನ ಡಬ್ಬಿಯಲ್ಲಿ ಹಬೆಯಾಡುವ ಡಿಮ್ ಸಮ್ ಬಂತು. ಹಾಳೆ ಎಷ್ಟು ತೆಳ್ಳಗೆ ಅಂದರೆ ಒಳಗಿನ ಅಣಬೆ, ಕ್ಯಾರೆಟ್ಟು ಕಾಣುತ್ತಿತ್ತು. "ಗಣಪ್ಪನ ಕಡಬು ಇನ್ನೂ ನಾಕು ಮನಿಯಾಗ ಉಳದಾವು," ಅಂದರು. ಅಷ್ಟೇ. ಆಮೇಲೆ ಹೋಲಿಸಲಿಲ್ಲ.

ಈಗ ಆ ಎರಡು ಕಡ್ಡಿಗಳ ವಿಷಯ. ನನ್ನ ಕೈಯಲ್ಲಿ ಅವು ಕತ್ತರಿಯಾದವು, ಇಕ್ಕಳವಾದವು, ಕೊನೆಗೆ ಒಂದು ಕೆಳಗೆ ಬಿತ್ತು. ಟೀಚರ್ ಸ್ವಲ್ಪ ಹೊತ್ತು ಪಕ್ಕದ ಟೇಬಲ್ ನೋಡಿದರು. ಆಮೇಲೆ ಒಂದು ಕಡ್ಡಿಯನ್ನು ಹೆಬ್ಬೆರಳಿನ ಸಂದಿಯಲ್ಲಿ ಇಟ್ಟು ಉಂಗುರದ ಬೆರಳಿಗೆ ಆನಿಸಿದರು. ಇನ್ನೊಂದನ್ನು ಪೆನ್ಸಿಲ್ ಹಿಡಿದಂತೆ ಹಿಡಿದರು.

"ಕೆಳಗಿಂದು ಅಳ್ಳಾಡಬಾರದು. ಮ್ಯಾಲಿಂದಷ್ಟ ಬರೀಬೇಕು. ಅ ತಿದ್ದಿದಂಗ."

ಮೂವತ್ತನಾಲ್ಕು ವರ್ಷ ಒಂದನೇ ಕ್ಲಾಸಿನ ಮಕ್ಕಳ ಬೆರಳು ಹಿಡಿದು ಬಳಪ, ಪೆನ್ಸಿಲ್ ತಿದ್ದಿಸಿದ ಕೈ. ಡಿಮ್ ಸಮ್ ಎತ್ತಿ, ಗಾಳಿಯಲ್ಲಿ ಒಂದು ಕ್ಷಣ ಹಿಡಿದು, ಬಾಯಿಗೆ ಹಾಕಿಕೊಂಡರು. ನನ್ನ ಬೆರಳನ್ನೂ ಹಿಡಿದು ಕೂರಿಸಿದರು. ಹೆಬ್ಬೆರಳನ್ನು ಸರಿ ಮಾಡಿದರು, ಗಟ್ಟಿ ಹಿಡಿಯಬೇಡ್ರಿ ಅಂತ ಕೈ ಮೇಲೆ ಸಣ್ಣಗೆ ಹೊಡೆದರು. ಕನಕಗಿರಿಯ ಹುಡುಗ ಆ ಕಡೆ ತಿರುಗಿ ನಗುತ್ತಿದ್ದ. ನನಗೆ ಬರಲಿಲ್ಲ. ಸುಶಿ ಬಂದಾಗ ಅಡುಗೆಯವನೇ, ಇದನ್ನು ಕೈಯಲ್ಲೇ ತಿನ್ನಬಹುದು ಸಾರ್, ಜಪಾನಿನಲ್ಲೂ ತಿನ್ನುತ್ತಾರೆ ಅಂದ. ಆ ದೇಶದ ಮೇಲೆ ಗೌರವ ಬಂತು.

ಸುಶಿಯಿಂದ ನನ್ನ ಕಷ್ಟ ಶುರುವಾಯಿತು.

ಒಂದು ತುಂಡನ್ನು ಬಿಡಿಸಿ ನೋಡಿದೆ. ಒಳಗೆ ಸೌತೆಕಾಯಿ, ಹೊರಗೆ ಸಮುದ್ರದ ಪಾಚಿಯ ಕಪ್ಪು ಹಾಳೆ, ನಡುವೆ ಅನ್ನ. ಕಾಳು ಗಿಡ್ಡ, ದುಂಡಗೆ, ಒಂದಕ್ಕೊಂದು ಅಂಟಿಕೊಂಡಿತ್ತು. ನನ್ನ ಜೀವಮಾನದಲ್ಲಿ ಇಂಥ ಅನ್ನ ಆಗುವ ಅಕ್ಕಿಯನ್ನು ನಾನು ವಾಪಸ್ ಕಳಿಸಿದ್ದೇನೆ. ಅನ್ನ ಅಂದರೆ ಉದುರುದುರಾಗಿ ಇರಬೇಕು, ಅಂಟಿದರೆ ಹೊಸ ಅಕ್ಕಿ ಅಂತ ಅರ್ಥ. ಹೊಸ ಅಕ್ಕಿಗೆ ರೇಟು ಬಿಡಬೇಕು. ಒಂದು ವರ್ಷ ಗೋದಾಮಿನಲ್ಲಿ ಹಳತಾದ ಸೋನಾ ಅಕ್ಕಿಗೆ ಬೆಂಗಳೂರಿನವರು ಜಾಸ್ತಿ ಕೊಡುತ್ತಾರೆ. ಜಪಾನಿನಲ್ಲಿ ತದ್ವಿರುದ್ಧ. ಅಲ್ಲಿ ಆ ವರ್ಷದ ಹೊಸ ಅಕ್ಕಿಗೇ ಹಬ್ಬ. ಚೀಲದ ಮೇಲೆ ಹೊಸ ಅಕ್ಕಿ ಅಂತ ಬರೆದು ಮಾರುತ್ತಾರಂತೆ. ನಮ್ಮ ಮಿಲ್ಲಿನವರು ಕೇಳಿದರೆ ಗೋದಾಮಿಗೆ ಬೀಗ ಹಾಕಿಕೊಂಡು ಅಳುತ್ತಾರೆ.

ಮಿಸೊ ಸಾರು ಬಂತು. ಸೋಯಾ ಕಾಳನ್ನು ಹುಳಿ ಬರಿಸಿ ಮಾಡಿದ ಹಿಟ್ಟಿನ ಸಾರು. ಉಪ್ಪುಪ್ಪಾಗಿ, ಏನೋ ಒಂದು ಹಳೆಯ ರುಚಿ. ಹೆಂಗ್ ಮಾಡ್ತಾರೆ ಅಂತ ಅಡುಗೆಯವನನ್ನು ಕೇಳಿದೆ. ಬೇಯಿಸಿದ ಅಕ್ಕಿಗೆ ಬೂಸು ಹಿಡಿಸಿ, ಆ ಬೂಸಿನ ಅಕ್ಕಿಯನ್ನು ಸೋಯಾ ಮತ್ತು ಉಪ್ಪಿನ ಜೊತೆ ಕಲಸಿ ತಿಂಗಳುಗಟ್ಟಲೆ ಇಡುತ್ತಾರೆ ಅಂದ. ಆ ಬೂಸಿಗೆ ಕೋಜಿ ಅಂತ ಹೆಸರಿದೆ.

ನಾನು ಚಮಚ ಕೆಳಗಿಟ್ಟೆ. ಮಳೆಗಾಲದಲ್ಲಿ ಒಂದು ಲಾರಿ ಮಾಲು ಟಾರ್ಪಾಲು ಹರಿದು ನೆನೆದು, ಬೂಸು ಹಿಡಿದು, ಪುಣೆಯಿಂದ ವಾಪಸ್ ಬಂದಿತ್ತು. ನನಗೆ ಆ ವರ್ಷದ ಕಮಿಷನ್ ಪೂರ್ತಿ ಹೋಯಿತು. ಇಲ್ಲಿ ನೋಡಿದರೆ ಬೂಸು ಬರಲಿ ಅಂತ ಬೆಚ್ಚಗೆ ಹೊದಿಸಿ ಕಾಯುತ್ತಾರಂತೆ. ಎಲ್ಲ ಬೂಸೂ ಒಂದೇ ಅಲ್ಲ ಅನ್ನುವುದು ಗೊತ್ತು. ನಮ್ಮ ಚೀಲದಲ್ಲಿ ಬರುವುದು ವಿಷ, ಅವರದು ಸಾಕಿದ್ದು. ಆದರೂ ಹೊಟ್ಟೆ ಉರಿಯಿತು. ಟೀಚರ್ ನನ್ನ ಬಟ್ಟಲನ್ನೂ ಎಳೆದುಕೊಂಡು ಕುಡಿದರು.

ಇಷ್ಟಾಗುವ ಹೊತ್ತಿಗೆ ಒಂದೂಕಾಲು ತಾಸು ಆಗಿತ್ತು. ಒಂದು ವಿಷಯ ಮಾತ್ರ ನನಗೆ ಹಿಡಿಸಲಿಲ್ಲ. ಇನ್ನೊಬ್ಬ ಹುಡುಗ ಐದೈದು ನಿಮಿಷಕ್ಕೆ ಬಂದು, ಆಯ್ತಾ ಮೇಡಂ, ತೆಗೀಲಾ ಮೇಡಂ ಅಂತ ತಟ್ಟೆಗೆ ಕೈ ಹಾಕುತ್ತಿದ್ದ. ಇಷ್ಟು ದುಡ್ಡು ತೆಗೆದುಕೊಳ್ಳುವ ಜಾಗದಲ್ಲಿ ಇಷ್ಟು ಅವಸರ ಯಾಕೋ. ಮೂರನೇ ಸಲ ಟೀಚರ್ ತಲೆ ಎತ್ತಿ ನೋಡಿದರು.

"ತಮ್ಮಾ, ನಾ ಹೇಳಿದ ಮ್ಯಾಲೆ ಬಾ. ಅಲ್ಲೀತನಕ ಆ ಕಿಡಕಿ ಹತ್ರ ನಿಂದ್ರು."

ಅವನು ನಿಜಕ್ಕೂ ಕಿಟಕಿ ಹತ್ತಿರ ಹೋಗಿ ನಿಂತ. ಕೈ ಕಟ್ಟಿಕೊಂಡು.

ಆಮೇಲೆ ಹಸಿರು ಕರಿ ಮತ್ತು ಜಾಸ್ಮಿನ್ ರೈಸ್. ತೆಂಗಿನ ಹಾಲಿನಲ್ಲಿ ಬದನೆ, ಬಿದಿರಿನ ಕಳಲೆ, ಲಿಂಬೆ ಹುಲ್ಲು, ಶುಂಠಿಯ ಅಣ್ಣನಂಥ ಯಾವುದೋ ಬೇರು, ತುಳಸಿ. ಖಾರ ಸಣ್ಣಗೆ ಶುರುವಾಗಿ ಗಂಟಲ ಹತ್ತಿರ ಕೂರುತ್ತೆ. ನಮ್ಮ ಕಡೆಯ ಮಿರ್ಚಿ ತಿಂದ ನಾಲಿಗೆಗೆ ಖಾರ ಅನಿಸದು, ಘಮ ಅನಿಸುತ್ತೆ. ಅದಕ್ಕಿಂತ ದೊಡ್ಡ ಘಮ ಅನ್ನದ್ದು. ಮುಚ್ಚಳ ತೆಗೆದ ಕೂಡಲೇ ಬಂತು. ಹೆಸರು ಮಲ್ಲಿಗೆಯದ್ದು, ವಾಸನೆ ಮಲ್ಲಿಗೆಯದ್ದಲ್ಲ. ಕೇದಗೆ ಜಾತಿಯ ಪಾಂಡನ್ ಅನ್ನುವ ಎಲೆ ಇದೆಯಲ್ಲ, ಅದರದ್ದು. ಬಾಸುಮತಿಯಲ್ಲಿ ಇರುವ ಘಮದ ಅಂಶವೇ ಇದರಲ್ಲೂ ಇರುವುದು.

ಉದ್ದ ಕಾಳು, ಹೊಳಪು, ಒಂದೇ ಒಂದು ನುಚ್ಚಿಲ್ಲ. ಮೆತ್ತಗೆ, ಆದರೆ ಮುದ್ದೆ ಅಲ್ಲ. ಒಂದು ಬಟ್ಟಲಿಗೆ 260 ರೂಪಾಯಿ. ನೂರೈವತ್ತು ಗ್ರಾಂ ಅಕ್ಕಿ ಇರಬಹುದು, ಹಾಗಾದರೆ ಕಿಲೋಗೆ ಅಂತ ಲೆಕ್ಕ ಶುರು ಮಾಡಿದ್ದೆ. ಟೀಚರ್ ಕಡ್ಡಿಯಿಂದ ತಟ್ಟೆ ಬಡಿದರು. ನಿಲ್ಲಿಸಿದೆ.

ಆದರೆ ಅಕ್ಕಿಯ ಮಾತು ಬಾಯಿಗೆ ಬಂದಾಗಿತ್ತು. ತುಂಬಾ ವರ್ಷದ ಹಿಂದೆ ನಮ್ಮ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದ ಒಂದು ಸಭೆಯಲ್ಲಿ ವಿಜ್ಞಾನಿಯೊಬ್ಬರು ಹೇಳಿದ್ದನ್ನು ಟೀಚರಿಗೆ ಹೇಳಿದೆ. ಮಸೂರಿ ಅನ್ನುವ ಭತ್ತ ನಮ್ಮ ನೆಲದ್ದಲ್ಲ. ಮಲೇಷ್ಯಾದ್ದು. 1965ರಲ್ಲಿ ಅಲ್ಲಿನ ರೈತರಿಗೆ ಕೊಟ್ಟ ತಳಿ. ಅದರ ಒಂದು ಕಡೆಯವರು ತೈವಾನಿನ ತೈಚುಂಗ್ 65, ಅದು ಜಪಾನಿ ಜಾತಿಯ ದುಂಡು ಭತ್ತ. ಇನ್ನೊಂದು ಕಡೆಯವರು ಮಲೇಷ್ಯಾದ ಮಾಯಾಂಗ್ ಎಬೋಸ್. ಆ ಮಸೂರಿಯ ಜೊತೆ ಸೋನಾ ಅನ್ನುವ ಇನ್ನೊಂದು ತಳಿ ಸೇರಿ ಸೋನಾ ಮಸೂರಿ ಆಯಿತು. ನಮ್ಮ ಕಡೆ ಎಷ್ಟೋ ವರ್ಷ ಸೋನಾ ಅಂತ ಮಾರುತ್ತ ಬಂದ ಬಿಪಿಟಿ 5204, ಆಂಧ್ರದ ಬಾಪಟ್ಲದಲ್ಲಿ 1986ರಲ್ಲಿ ಬಂದದ್ದು, ಅದರ ಮನೆತನದಲ್ಲೂ ಮಸೂರಿ ಇದೆ.

"ಅಂದ್ರ ಆ ಸುಶಿ ಅಕ್ಕಿ ನಮ್ಮ ಅಕ್ಕಿಗೆ ಬೀಗ್ರಾಗಬೇಕು," ಅಂದೆ.

ಟೀಚರ್ ಕಡ್ಡಿ ಇಳಿಸಿ ನನ್ನನ್ನೇ ನೋಡಿದರು. "ಮಸೂರಿ ಅಂದ್ರ ಮೈಸೂರು ಅಲ್ಲೇನ್ರಿ?"

"ಅಲ್ಲ."

"ಮೈಸೂರು ಅನ್ನೋದೇ ಬಾಯಾಗ ಬಾಯಾಗ ಮಸೂರಿ ಆಗೇತಿ ಅಂತ ನಾ ಹುಡುಗ್ರಿಗೆ ಹೇಳಿಕೊಟ್ಟೀನಲ್ರಿ! ಎಷ್ಟು ಬ್ಯಾಚಿಗೆ!"

ಆ ಭತ್ತದ ಮೂಲ ಹೆಸರು ಮಹ್ಸೂರಿ, ಅದು ಮಲೇಷ್ಯಾದ ಲಂಕಾವಿ ದ್ವೀಪದ ಕಥೆಯ ಒಬ್ಬ ಹೆಣ್ಣಿನ ಹೆಸರು. ತಪ್ಪು ಮಾಡದೆ ಶಿಕ್ಷೆ ಅನುಭವಿಸಿದವಳು. ಅದನ್ನೂ ಹೇಳಿದೆ. ಟೀಚರ್ ಬಹಳ ಹೊತ್ತು ಮಾತಾಡಲಿಲ್ಲ. ತಿದ್ದುಪಡಿಗೆ ಯಾರ್ಯಾರಿಗೆ ಫೋನ್ ಮಾಡಬೇಕು ಅಂತ ಲೆಕ್ಕ ಹಾಕುತ್ತಿದ್ದರೋ ಏನೋ. ಆಮೇಲೆ ಗಾಜಿನಾಚೆ ನೋಡುತ್ತ ಬಿಡಿ ಬಿಡಿಯಾಗಿ ಅನ್ನ ಉಂಡರು. ಒಂದೊಂದು ತುತ್ತಿಗೆ ನಾಲ್ಕು ಕಾಳು.

ನಾನೂ ಆಚೆ ನೋಡಿದೆ. ನಮ್ಮ ಅವ್ವ ಹುಟ್ಟಿದಾಗ ಈ ತಾಲೂಕಿನ ಬಹುಪಾಲು ಹೊಲ ಜೋಳದ್ದು. ಅನ್ನ ಅಂದರೆ ಹಬ್ಬದ ದಿನ ಇಲ್ಲವೇ ಜ್ವರ ಬಂದ ದಿನ. 1953ರಲ್ಲಿ ಡ್ಯಾಮ್ ಆಗಿ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ರೈತರು ಬಂದರು, ಕ್ಯಾಂಪುಗಳು ಎದ್ದವು, ಭತ್ತ ಬಂತು. ಟೀಚರ್ ಕಲಿಸಿದ ಮಕ್ಕಳಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು ಮಾತಾಡುವವರು. ಅವ್ವ ಕೊನೆಯವರೆಗೂ ಅನ್ನವನ್ನು ಊಟ ಅನ್ನಲಿಲ್ಲ. ರೊಟ್ಟಿ ಆದಮೇಲೆ "ಒಂಚೂರು ಅನ್ನ" ಅಷ್ಟೇ.

ಕೊನೆಗೆ ಅಡುಗೆಯವನೇ ಸಣ್ಣ ಬಟ್ಟಲುಗಳಲ್ಲಿ ಒಂದು ಪಾಯಸ ತಂದ. ನಮ್ಮ ಪ್ರಶ್ನೆಗಳಿಗೆ ಮೆಚ್ಚಿ ತಂದನೋ, ಟೀಚರಿಗೆ ಹೆದರಿ ತಂದನೋ. ಕಪ್ಪು ಅಕ್ಕಿ, ತೆಂಗಿನ ಹಾಲು, ಬೆಲ್ಲ. ಬೆಂದ ಮೇಲೆ ಬಣ್ಣ ನೇರಳೆ ಹಣ್ಣಿನ ರಸದಂತೆ. ಅಗಿದರೆ ಗೋಡಂಬಿಯ ನೆನಪು ತರುವ ರುಚಿ. ಇದು ನಮ್ಮೂರಿನ ಅಕ್ಕಿ ಸಾರ್, ಚಾಕ್‌ಹಾವ್, ರುಚಿಯ ಅಕ್ಕಿ ಅಂತ ಅರ್ಥ ಅಂದ. ಮಣಿಪುರದ ಈ ಕಪ್ಪು ಅಕ್ಕಿಗೆ 2020ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಆ ನೆಲದ್ದೇ ಅನ್ನುವ ಗುರುತು, ಸಿಕ್ಕಿದೆ.

ಗಂಗಾವತಿಯಲ್ಲಿ ಈಗ ಎಲ್ಲ ದೊಡ್ಡ ಮಿಲ್ಲಿನಲ್ಲೂ ಸಾರ್ಟೆಕ್ಸ್ ಮೆಷಿನ್ ಇದೆ. ಅಕ್ಕಿ ಕ್ಯಾಮೆರಾ ಮುಂದೆ ಸುರಿಯುತ್ತೆ. ಕಪ್ಪು ಕಾಳು ಕಂಡ ಕೂಡಲೇ ಟಿಕ್ ಅಂತ ಗಾಳಿ ಊದಿ ಆಚೆ ಎಸೆಯುತ್ತೆ. ಒಂದು ಕಿಲೋದಲ್ಲಿ ನಾಲ್ಕು ಕಪ್ಪು ಕಾಳು ಬಂದರೆ ನನಗೆ ಪುಣೆಯಿಂದ ಬೈಗುಳ. ಈ ಅಕ್ಕಿಯನ್ನು ಅದಕ್ಕೆ ಹಾಕಿದರೆ ಒಂದು ಕಾಳೂ ಪಾಸಾಗುವುದಿಲ್ಲ. ಅದನ್ನು ಅವನಿಗೆ ನನ್ನ ಹಿಂದಿಯಲ್ಲಿ ಹೇಳಿದೆ. ಅವನು ನಕ್ಕು, ಅಲ್ಲೇ ನಿಂತು, ಮನೆಯಲ್ಲಿ ಅವನ ತಾಯಿ ಅದನ್ನು ರಾತ್ರಿಯೇ ನೆನೆ ಹಾಕುವುದು, ಇಲ್ಲದಿದ್ದರೆ ಬೇಯುವುದಿಲ್ಲ ಅನ್ನುವುದು, ಊರಿಗೆ ಹೋಗಿ ಒಂದೂವರೆ ವರ್ಷ ಆಯಿತು ಅನ್ನುವುದು, ಎಲ್ಲ ಹೇಳಿದ. ಟೀಚರ್ ಕೂತ್ಕೋ ಅಂದರು. ಅವನು ಕೂರಲಿಲ್ಲ. ಡ್ಯೂಟಿ.

ನಾನು ನಾಚಿಕೆ ಬಿಟ್ಟು ಕೇಳಿದೆ. ಜಾಸ್ಮಿನ್ ಅಕ್ಕಿ, ಬೇಯಿಸದ್ದು, ಒಂದು ಹಿಡಿ ಸಿಗುತ್ತಾ? ತಂದುಕೊಟ್ಟ. ಅಂಗೈ ಮೇಲೆ ಹರಡಿ, ಎರಡು ಕಾಳು ಹಲ್ಲಿನ ನಡುವೆ ಇಟ್ಟು ಕಡಿದೆ. ಟಕ್ ಅನ್ನಲಿಲ್ಲ, ಸ್ವಲ್ಪ ಮೆತ್ತಗೆ ಮುರಿಯಿತು. ಜೇಬಿನಲ್ಲಿದ್ದ ಖಾಲಿ ಪೊಟ್ಟಣಕ್ಕೆ ಹಾಕಿ ಮಡಚಿದೆ.

ಬಿಲ್ಲು 3,680 ರೂಪಾಯಿ. ಆ ವರ್ಷ ಭತ್ತಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 2,300. ನಮ್ಮಲ್ಲಿ ಭತ್ತ 75 ಕಿಲೋ ಚೀಲದ ಲೆಕ್ಕ, ಅಂದರೆ ಚೀಲಕ್ಕೆ 1,725. ಎರಡು ಚೀಲ ಭತ್ತ ಕೊಟ್ಟು ಮೇಲೆ ಇನ್ನೂ 230 ಕೈಯಿಂದ ಕೊಟ್ಟ ಹಾಗೆ. ಇದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೂ ಟೀಚರ್ ಕೇಳುತ್ತಿರಲಿಲ್ಲ. ಖಾಲಿ ಬಟ್ಟಲಿನ ಅಂಚಿಗೆ ಅಂಟಿದ್ದ ಒಂದು ಕಪ್ಪು ಕಾಳನ್ನು ಕಡ್ಡಿಯಿಂದ ಎತ್ತುವ ಪ್ರಯತ್ನದಲ್ಲಿದ್ದರು. ಎರಡು ಸಲ ಜಾರಿತು. ಮೂರನೇ ಸಲ ಬಂತು. ಆಮೇಲೆ ಕಿಟಕಿ ಹತ್ತಿರ ನಿಂತಿದ್ದ ಹುಡುಗನಿಗೆ ಬಾ ಅಂತ ತಲೆಯಾಡಿಸಿದರು.

ಕೆಳಗೆ ಬಂದಾಗ ಮೂರೂವರೆ. ಒಳಗೆ ಹೋಗಿದ್ದು ಹನ್ನೆರಡೂಮುಕ್ಕಾಲಕ್ಕೆ. ಬ್ಯಾಗಿನಿಂದ ಫೋನ್ ವಾಪಸ್ ಬಂತು. ಹನ್ನೊಂದು ಮಿಸ್ಡ್ ಕಾಲ್. ಅದರಲ್ಲಿ ಒಂದು ಮಾತ್ರ ಕೆಲಸದ್ದು, ಅದೂ ನಾಳೆ ಮಾತಾಡಿದರೆ ನಡೆಯುವಂಥದ್ದು.

ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಆ ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಸುರಿದೆ. ಏನೂ ಹೇಳಲಿಲ್ಲ. ನಾಲ್ಕು ಜನ ಮಿಲ್ಲಿನವರು, ಇಬ್ಬರು ದಲ್ಲಾಳಿಗಳು ಇದ್ದರು. ಒಬ್ಬರು ಬೆರಳಿನಲ್ಲಿ ಹರಡಿದರು, ಒಬ್ಬರು ಬೆಳಕಿಗೆ ಹಿಡಿದರು, ಒಬ್ಬರು ಕಡಿದರು. ನುಚ್ಚಿಲ್ಲ, ಪಾಲಿಶ್ ಚಲೋ ಐತಿ, ಯಾವ ಮಿಲ್ಲಿಂದು ಅಂತ ಮಾತು ನಡೆಯಿತು. ಕಾರಟಗಿ ಇರಬೇಕು ಅಂದರು, ಸಿಂಧನೂರು ಅಂದರು. ನಮ್ಮಲ್ಲೇ ಎಲ್ಲರಿಗಿಂತ ಹಿರಿಯರು, ಎಪ್ಪತ್ತು ದಾಟಿದವರು, ಕೊನೆಗೆ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿದರು. ಇನ್ನೊಮ್ಮೆ ಮೂಸಿದರು.

"ಮಾಲು ಚಲೋ ಐತಿ," ಅಂದರು. "ಖರೆ ಸೆಂಟ್ ಹೊಡದಾರ. ತಗೋಬ್ಯಾಡ."